ನೀಲಗಿರಿಯ ಬೇರು ಮತ್ತು ಅತಿಬುದ್ಧಿಯ ಯಂತ್ರ

(ಕುಂದಾಣದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ನೀಲಗಿರಿ ತೋಪನ್ನು ಕಾಣದವರು ಈ ಸಭೆಯಲ್ಲಿ ಯಾರೂ ಇರಲಾರರು. ಭಾರತದಲ್ಲಿ ಈ ಮರವನ್ನು ಮೊದಲು ನೆಟ್ಟದ್ದು ಇಲ್ಲಿಗೆ ಸಮೀಪದ ನಂದಿಬೆಟ್ಟದಲ್ಲಿ, 1790ರ ಆಸುಪಾಸಿನಲ್ಲಿ, ಟಿಪ್ಪುವಿನ ತೋಟದಲ್ಲಿ ಎಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಮೊದಮೊದಲು ಅದು ತೋಟದ ಅಲಂಕಾರವಾಗಿದ್ದಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಅದು ರಾಗಿಯ ಹೊಲಕ್ಕೆ ಇಳಿಯಿತು. ದನ ಮೇಯುವುದಿಲ್ಲ, ಕೂಲಿ ಬೇಡ, ಕಡಿದರೆ ಮತ್ತೆ ಚಿಗುರುತ್ತದೆ, ಕಾಗದದ ಕಾರ್ಖಾನೆ ಕೊಳ್ಳುತ್ತದೆ. ಬೇಗ ಬೆಳೆಯಬೇಕೆಂದು ಆ ಮರವನ್ನು ಕೇಳಲಾಯಿತು. ಅದು ಬೇಗ ಬೆಳೆಯಿತು. ನೀರನ್ನು ಎಲ್ಲಿಂದ ತರುವೆ ಎಂದು ಮಾತ್ರ ಯಾರೂ ಕೇಳಲಿಲ್ಲ.

1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಆಗ ಅದನ್ನು ಅವೈಜ್ಞಾನಿಕ ಆವೇಶವೆಂದು ಕರೆದವರಿದ್ದರು. ಮುಂದೆ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಹೊಸಕೋಟೆಯಲ್ಲಿ ಅಳತೆ ಮಾಡಿದರು. ಮೂರು ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್. ತೋಪು ಬಳಸಿದ ನೀರು ಸುಮಾರು 3400 ಮಿಲಿಮೀಟರ್. ಉಳಿದದ್ದನ್ನು ಬೇರುಗಳು ಮಣ್ಣಿನ ಆಳದ ಉಳಿತಾಯದಿಂದ ಎಳೆದಿದ್ದವು. ಆದರೆ ಅದೇ ತಂಡ ಶಿವಮೊಗ್ಗದ ಕಡೆ, ಕಡಿಮೆ ಆಳದ ಮಣ್ಣಿನಲ್ಲಿ ಅಳೆದಾಗ, ನೀಲಗಿರಿ ಅಲ್ಲಿನ ಸಹಜ ಕಾಡಿಗಿಂತ ಹೆಚ್ಚು ನೀರನ್ನು ಬಳಸಿರಲಿಲ್ಲ. ಈ ಎರಡನೆಯ ಫಲಿತಾಂಶವನ್ನು ಚಳವಳಿಯ ವೇದಿಕೆಗಳಲ್ಲಿ ಹೇಳುವುದು ಕಡಿಮೆ. ಹೇಳಬೇಕು. ಮರ ರಾಕ್ಷಸನಲ್ಲ, ಯಾವ ನೆಲದಲ್ಲಿ, ಎಷ್ಟು, ಯಾರ ಪರೀಕ್ಷೆಯ ನಂತರ ಎಂಬುದೇ ಪ್ರಶ್ನೆ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಆ ಸಸಿಗಳನ್ನು ಕಿತ್ತ ಮೂವತ್ತನಾಲ್ಕು ವರ್ಷಗಳ ಮೇಲೆ.

ಇಂದಿನ ವಿಷಯ ಯಂತ್ರಗಳದ್ದು. ಸರ್ವ ವಿಷಯಗಳಲ್ಲಿಯೂ ಮನುಷ್ಯನನ್ನು ಮೀರಿಸುವ ಬುದ್ಧಿಯ ಯಂತ್ರವನ್ನು ಕಟ್ಟುವುದೇ ತಮ್ಮ ಗುರಿಯೆಂದು ಕೆಲವು ಕಂಪನಿಗಳು ಬಹಿರಂಗವಾಗಿ ಹೇಳಿವೆ. ಈ ಕಲ್ಪನೆ ಹೊಸದಲ್ಲ. ಅಂತಹ ಯಂತ್ರ ತನಗಿಂತ ಉತ್ತಮ ಯಂತ್ರವನ್ನು ತಾನೇ ರಚಿಸಬಲ್ಲದು, ಆಗ ಬುದ್ಧಿಯ ಸ್ಫೋಟವೇ ಆಗುತ್ತದೆ ಎಂದು ಗಣಿತಜ್ಞ ಐ. ಜೆ. ಗುಡ್ 1965ರಲ್ಲಿಯೇ ಬರೆದಿದ್ದರು. ಅದು ಹೇಳಿದಂತೆ ಕೇಳಿದರೆ ಮಾತ್ರ ಒಳಿತೆಂಬ ಎಚ್ಚರಿಕೆಯೂ ಅವರ ಬರಹದಲ್ಲಿತ್ತು.

ಲಾಭವನ್ನು ಅಲ್ಲಗಳೆಯಲಾಗದು. ಪ್ರೋಟೀನುಗಳ ರಚನೆಯನ್ನು ಮುಂಚಿತವಾಗಿ ಹೇಳುವ ಆಲ್ಫಾಫೋಲ್ಡ್ ಕಾರ್ಯಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕೃತಕ ಬುದ್ಧಿಮತ್ತೆಯಿಂದ ಪಡೆದ ಮಳೆ ಮುನ್ಸೂಚನೆಯನ್ನು ಸುಮಾರು 3.8 ಕೋಟಿ ರೈತರಿಗೆ ಕಳುಹಿಸಿತು. ಬಿತ್ತನೆಯ ದಿನವನ್ನು ನಿರ್ಧರಿಸುವ ಖುಷ್ಕಿ ರೈತನಿಗೆ ಅದು ಅಲ್ಪವಲ್ಲ. ಆದರೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲೊಬ್ಬರಾದ ಜೆಫ್ರಿ ಹಿಂಟನ್, ಈ ವಿದ್ಯೆಯ ಪಿತಾಮಹರಲ್ಲೊಬ್ಬರು, ಅಪಾಯವನ್ನು ಮುಕ್ತವಾಗಿ ಹೇಳಲೆಂದು 2023ರಲ್ಲಿಯೇ ಗೂಗಲ್ ತೊರೆದಿದ್ದರು. ವಿಜ್ಞಾನಿಗಳ ಸಹಮತ ಮತ್ತು ಜನರ ಒಪ್ಪಿಗೆ ದೊರೆಯುವವರೆಗೆ ಅತಿಬುದ್ಧಿಯ ಯಂತ್ರದ ನಿರ್ಮಾಣವನ್ನು ನಿಷೇಧಿಸಬೇಕೆಂಬ 2025ರ ಅಕ್ಟೋಬರ್ ಹೇಳಿಕೆಗೂ ಅವರ ಸಹಿಯಿದೆ.

ಎಲ್ಲವನ್ನೂ ನಿಲ್ಲಿಸಿರಿ ಎನ್ನುವವರೂ, ಯಾವುದನ್ನೂ ನಿಲ್ಲಿಸಬೇಡಿರಿ ಎನ್ನುವವರೂ ಒಂದು ತಪ್ಪನ್ನು ಸಮಾನವಾಗಿ ಮಾಡುತ್ತಾರೆ: ಮಳೆಯನ್ನು ಅಂದಾಜಿಸುವ ಉಪಕರಣವನ್ನೂ, ತನ್ನನ್ನು ತಾನೇ ತಿದ್ದಿಕೊಂಡು ಬೆಳೆಯುವ ಬುದ್ಧಿಯನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಮಧ್ಯಮ ಮಾರ್ಗವೆಂದರೆ ಎರಡರ ಸರಾಸರಿಯಲ್ಲ. ಮೊದಲನೆಯದನ್ನು ಬಳಸುತ್ತ ತಿದ್ದಬಹುದು. ಎರಡನೆಯದನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಬೇಕು.

ಬಾಗಿಲಲ್ಲಿ ನಿಲ್ಲಿಸಿದ ನಿದರ್ಶನ ಕನ್ನಡ ನಾಡಿನಲ್ಲಿಯೇ ಇದೆ. ಬಿಟಿ ಬದನೆಯ ತಳಿಗಳನ್ನು ಸಿದ್ಧಪಡಿಸುವುದರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಪಾಲುಗೊಂಡಿತ್ತು. 2010ರ ಫೆಬ್ರವರಿ 6ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರಿನಲ್ಲಿ ರೈತರ, ವಿಜ್ಞಾನಿಗಳ ಮಾತನ್ನು ಗದ್ದಲದ ನಡುವೆಯೇ ಆಲಿಸಿದರು. ಮೂರು ದಿನಗಳ ಬಳಿಕ ತಡೆಯನ್ನು ಘೋಷಿಸಿದರು. ಅದು ಶಾಶ್ವತ ನಿಷೇಧವಲ್ಲ, ಸ್ವತಂತ್ರ ಪರೀಕ್ಷೆಗಳು ಮುಗಿಯುವವರೆಗಿನ ತಡೆ. ಆದರೆ ಆಮೇಲೆ ಆ ಪರೀಕ್ಷೆಗಳಿಗೆ ಸಿಗಬೇಕಾದ ಒತ್ತು ಸಿಗಲಿಲ್ಲ. ಪರೀಕ್ಷೆಯಿಲ್ಲದ ತಡೆ ಬರೀ ಮರೆವು. ಪರಿಸರವಾದಿಗಳು ಈ ದೋಷದಲ್ಲಿ ತಮ್ಮ ಪಾಲನ್ನೂ ಒಪ್ಪಿಕೊಳ್ಳಬೇಕು.

ಒಂದು ದೇಶ ನಿಂತರೆ ಮತ್ತೊಂದು ಓಡುತ್ತದೆ ಎಂಬ ಆಕ್ಷೇಪವುಂಟು. ಆಕ್ಷೇಪ ಸುಳ್ಳಲ್ಲ. 2023ರ ಮಾರ್ಚ್‌ನಲ್ಲಿ ಆರು ತಿಂಗಳ ವಿರಾಮ ಕೇಳಿದ ಬಹಿರಂಗ ಪತ್ರಕ್ಕೆ ಯಾವ ದೊಡ್ಡ ಕಂಪನಿಯೂ ನಿಲ್ಲಲಿಲ್ಲ. ಆದರೆ 1974ರಲ್ಲಿ ಜೀವಾಣುಗಳ ವಂಶವಾಹಿ ಜೋಡಣೆಯ ಕೆಲವು ಪ್ರಯೋಗಗಳನ್ನು ವಿಜ್ಞಾನಿಗಳು ತಾವೇ ತಡೆಹಿಡಿದು, 1975ರಲ್ಲಿ ಅಸಿಲೋಮಾರ್‌ನಲ್ಲಿ ಸೇರಿ ನಿಯಮ ರಚಿಸಿಕೊಂಡ ಮೇಲೆ ಮುಂದುವರಿಸಿದರು. 1982ರ ಹೊತ್ತಿಗೆ ಅದೇ ವಿದ್ಯೆಯಿಂದ ತಯಾರಾದ ಇನ್ಸುಲಿನ್‌ಗೆ ಅನುಮೋದನೆ ದೊರೆಯಿತು. ವಿರಾಮದಿಂದ ಔಷಧ ಸಾಯಲಿಲ್ಲ.

ನೀಲಗಿರಿಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನು ಮುಚ್ಚಿಡಬಾರದು. ಮರ ತಪ್ಪೆಂದು ತಿಳಿದಾಗ ಜೆಸಿಬಿ ತರಿಸಿ ಬೊಡ್ಡೆಯನ್ನು ಕಿತ್ತೆಸೆಯಬಹುದು, ಖರ್ಚಾದರೂ ಸರಿ. ಮರ ಎದುರಾಡುವುದಿಲ್ಲ, ಬೇರನ್ನು ಅಡಗಿಸುವುದಿಲ್ಲ. ಕೀಳುವವನಿಗಿಂತ ಬುದ್ಧಿವಂತವಾದ ವಸ್ತು ಕೀಳಿಸಿಕೊಳ್ಳಲು ನಿಂತಿರುತ್ತದೆಯೇ? ಆದುದರಿಂದ ಇಲ್ಲಿ ಅಳತೆ ಮೊದಲು, ಬಿತ್ತನೆ ಆಮೇಲೆ. ಕಟ್ಟುವವರಲ್ಲದೆ ಹೊರಗಿನವರೂ ಪರೀಕ್ಷಿಸಬೇಕು. ನಿಲ್ಲಿಸುವ ಅಧಿಕಾರ ಲಾಭ ಪಡೆಯದವರ ಕೈಯಲ್ಲಿರಬೇಕು.

ಇದು ದೂರದ ಮಾತೆಂದು ಹಳ್ಳಿಯವರು ತಿಳಿಯಬೇಕಿಲ್ಲ. ಇಂತಹ ಯಂತ್ರಗಳು ವಾಸಿಸುವ ದತ್ತಾಂಶ ಕೇಂದ್ರಗಳಿಗೆ ಅಪಾರ ವಿದ್ಯುತ್ತು ಬೇಕು. ಅವುಗಳನ್ನು ತಂಪಾಗಿಡಲು ಅನೇಕ ಕಡೆ ನೀರನ್ನು ಆವಿಯಾಗಿಸುತ್ತಾರೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ದೇವನಹಳ್ಳಿ ತಾಲ್ಲೂಕಿನ ಭೂಮಿಯ ಮೇಲೆ ಉದ್ಯಮಗಳ ಕಣ್ಣಿದೆ. ಚನ್ನರಾಯಪಟ್ಟಣ ಹೋಬಳಿಯ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತು, 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಕೈಬಿಡುವಂತೆ ಮಾಡಿದರು. ನಾಳೆ ಅಂತಹ ಕೇಂದ್ರವೊಂದರ ಅರ್ಜಿ ಯಾವುದೇ ಗ್ರಾಮ ಪಂಚಾಯಿತಿಗೆ ಬಂದರೆ, ದಿನಕ್ಕೆ ಎಷ್ಟು ಲೀಟರು, ಕೊಳವೆಬಾವಿಯದೋ ನಗರದ ಸಂಸ್ಕರಿಸಿದ ನೀರೋ, ಬೇಸಿಗೆಯಲ್ಲಿ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ವಿದ್ಯಾರ್ಥಿಗಳು ಈಗಲೇ ತಮ್ಮ ಊರಿನ ಕೊಳವೆಬಾವಿಗಳ ಆಳವನ್ನೂ, ಕೆರೆಯ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಬರೆದಿಡುತ್ತ ಹೋದರೆ, ಆ ದಿನ ಪಂಚಾಯಿತಿಯ ಮೇಜಿನ ಮೇಲೆ ಇಡಲು ಒಂದು ಲೆಕ್ಕ ಇರುತ್ತದೆ. ಹೊಸಕೋಟೆಯಲ್ಲಿ ಅಂತಹ ಲೆಕ್ಕ ಸಿಕ್ಕಿದ್ದು ತೋಪುಗಳು ಬೆಳೆದು ನಿಂತ ಮೇಲೆ.