ಬೋರ್‌ವೆಲ್ ನೀರಿಗೂ ಒಂದು ಲೆಡ್ಜರ್ ಇಡೋಣ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಷೇರು ಬಂಡವಾಳದ ವಿಚಾರ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿದೆ. ನಾವು ನೀರಿನ ಬಗ್ಗೆ ಎರಡು ಮಾತು ಹೇಳುತ್ತೇವೆ. ನೀರಿನ ಬರ ಏನೆಂದು ಕೋಲಾರ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಕ್ಕ ನೀರಿನೊಳಗೆ ಏನಿದೆ ಅನ್ನೋದು ಇವತ್ತಿನ ಮಾತು.

ನಮ್ಮ ಹಿರಿಯರು ಕುಡಿದದ್ದು ತೆರೆದ ಬಾವಿಯ ಮಳೆನೀರು. ನಾವು ಸಾವಿರ ಅಡಿ ದಾಟಿ ಕೊರೆಸುತ್ತಿದ್ದೇವೆ. ಆ ನೀರು ಬಂಡೆಯ ಬಿರುಕಿನಲ್ಲಿ ವರ್ಷಾನುಗಟ್ಟಲೆ ನಿಂತದ್ದು. ಕಲ್ಲಿನಲ್ಲಿರುವ ಲೋಹ ಸ್ವಲ್ಪ ಸ್ವಲ್ಪವೇ ಅದಕ್ಕೆ ಇಳಿಯುತ್ತದೆ. ಗ್ರಾನೈಟ್ ಕಲ್ಲಿನಲ್ಲಿ ಸಾಮಾನ್ಯವಾಗಿ ಟನ್ನಿಗೆ ಮೂರು ನಾಲ್ಕು ಗ್ರಾಂ ಯುರೇನಿಯಂ ಇರುತ್ತದೆ. ಬೈಕಾರ್ಬೊನೇಟ್ ಹೆಚ್ಚಿರುವ ನೀರು ಅದನ್ನು ಕರಗಿಸಿ ಹೊತ್ತು ತರುತ್ತದೆ. ಯಾರೂ ತಂದು ಸುರಿದದ್ದಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕೊಳವೆಬಾವಿಯಲ್ಲಿ ಆರ್ಸೆನಿಕ್ ಸಿಕ್ಕಿತು; ಅದು ಚಿನ್ನದ ಅದಿರಿರುವ ಬಂಡೆಗಳ ಸೀಮೆ, ಅಂಥ ಕಲ್ಲಿನಲ್ಲಿ ಆರ್ಸೆನಿಕ್ಕೂ ಸೇರಿಕೊಂಡಿರುತ್ತದೆ.

ಪ್ರಕೃತಿ ಕೊಟ್ಟದ್ದು, ಏನೂ ಆಗಲ್ಲ ಅನ್ನುವವರಿದ್ದಾರೆ. ಹಾವಿನ ವಿಷವೂ ಪ್ರಕೃತಿ ಕೊಟ್ಟದ್ದೇ ಸ್ವಾಮಿ! ಯುರೇನಿಯಂ ಹೆಚ್ಚಾದರೆ ಮೂತ್ರಪಿಂಡಕ್ಕೆ ಕೇಡು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇಟ್ಟ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. 5000 ಲೀಟರ್ ಟ್ಯಾಂಕರಿಗೆ ಲೆಕ್ಕ ಹಾಕಿದರೆ 150 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯದು. ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಆರ್.ಓ. ಘಟಕದಲ್ಲಿ ಬಹುಪಾಲು ಹೋಗುತ್ತದೆ. ಆದರೆ ಘಟಕ ಹೊರಗೆ ಬಿಡುವ ನೀರಿನಲ್ಲಿ ಅದೆಲ್ಲ ಸೇರಿರುತ್ತದೆ, ದನಕರುಗಳಿಗೆ ಕುಡಿಸಬೇಡಿ, ಇಂಗುಗುಂಡಿಗೂ ಬಿಡಬೇಡಿ.

ಇನ್ನೊಂದು ಮುಖ್ಯ ಮಾತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬಂತು. ಅಂತರ್ಜಲ ಏರಿತು ಅಂತ ಸಂತೋಷಪಟ್ಟವರುಂಟು, ಲೋಹ ಸೇರಿತು ಅಂತ ಹೆದರಿದವರೂ ಉಂಟು. ಕಟ್ಟೆ ಮೇಲೆ ಕೂತು ಎಷ್ಟು ವಾದ ಮಾಡಿದರೂ ತೀರ್ಮಾನವಾಗದು, ಯಾಕಂದರೆ ಮೊದಲು ಬಂಡೆ ಕೊಡುತ್ತಿದ್ದದ್ದು ಎಷ್ಟು ಅನ್ನುವ ಲೆಕ್ಕ ಬೇಕಲ್ಲ? ಹಳೇ ಬಾಕಿ ಗೊತ್ತಿಲ್ಲದೆ ಹೊಸ ಸಾಲ ಎಷ್ಟಾಯಿತೆಂದು ಹೇಳುವುದು ಹೇಗೆ? ಹಿಂದಿನ ಲೆಕ್ಕ ಇಲ್ಲದಿದ್ದರೆ ಇವತ್ತಿನದನ್ನಾದರೂ ಬರೆದಿಡೋಣ, ಮುಂದೆ ಹೆಚ್ಚಾದರೆ ಆಗ ಕೇಳುವುದಕ್ಕೆ ಬಾಯಿ ಇರುತ್ತದೆ. ಪಕ್ಕಪಕ್ಕದ ಎರಡು ಬೋರ್‌ಗಳಲ್ಲೇ ವ್ಯತ್ಯಾಸ ಇರಬಹುದು, ಆದ್ದರಿಂದ ಒಂದನ್ನು ನೋಡಿ ಊರಿಗೆಲ್ಲ ಹೇಳುವಂತಿಲ್ಲ.

ಅದಕ್ಕೇ ಸಂಘದಲ್ಲಿ ನೀರಿಗೂ ಒಂದು ಲೆಡ್ಜರ್ ಇಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಪರೀಕ್ಷೆ. ಸಾಧಾರಣ ಕಿಟ್ಟಿನಲ್ಲಿ ಯುರೇನಿಯಂ ತಿಳಿಯುವುದಿಲ್ಲ, ಪ್ರಯೋಗಾಲಯಕ್ಕೇ ಹೆಸರು ಹೇಳಿ ಬರೆದು ಕೊಡಬೇಕು. ಮೋಟಾರು ಸ್ವಲ್ಪ ಹೊತ್ತು ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಬಾಟಲಿ ಹಿಡಿಯಿರಿ. ಬೋರ್ ಕೊರೆಸಿದ ಬಿಲ್ಲು ಯಾರ ಮನೆಯಲ್ಲಿದ್ದರೂ ಹುಡುಕಿ ತನ್ನಿ. ಎಷ್ಟು ಅಡಿ, ಕೇಸಿಂಗ್ ಎಷ್ಟು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತೇವೆ.