ಕಡಲ ಬಂಡೆಗೆ ಹೊಳೆದಂಡೆಯಲ್ಲಿ ತಾಲೀಮು

ನಾನು ಓದಿದ್ದು ಬಿಕಾಂ, ಡ್ರಾಯಿಂಗ್ ಮೇಷ್ಟ್ರಲ್ಲ. ಆದ್ರೆ ಶಿವಮೊಗ್ಗ, ಭದ್ರಾವತಿಯಲ್ಲಿ ಚಿತ್ರಕಲೆ ಕಲಿಯೋರು ಪದೇ ಪದೇ ಕೇಳೋ ಪ್ರಶ್ನೆ ಇದು: "ನಮ್ಮೂರಲ್ಲಿ ಸಮುದ್ರವೇ ಇಲ್ಲ, ಬಂಡೆಗಳ ಕಡಲತೀರ ಬಿಡಿಸೋದು ಹೇಗೆ?" ಪ್ರತಿ ಸಲ ಉಡುಪಿಗೆ ಹೋಗೋಕೆ ಮನೇಲಿ ಬಸ್ ಚಾರ್ಜ್ ಕೇಳೋದೂ ಕಷ್ಟ. ಹಾಗಾಗಿ ಮೊಬೈಲ್ ಫೋಟೋ ನೋಡಿ ಬಿಡಿಸ್ತಾರೆ. ಹತ್ತು ಜನರ ಹಾಳೆಯಲ್ಲೂ ಅದೇ ನೀಲಿ, ಅದೇ ಅಲೆ.

ನನ್ನ ಮಾತು ಇಷ್ಟೇ. ಇಂಥ ಚಿತ್ರವನ್ನು ಹಿಡಿದು ನಿಲ್ಲಿಸೋದು ಕಲ್ಲು. ಕಲ್ಲು ನಮ್ಮ ಹತ್ರನೇ ಇದೆ.

ಬೇಸಿಗೆಯಲ್ಲಿ ನೀರು ಇಳಿದಾಗ ತುಂಗೆ ಅಥವಾ ಭದ್ರೆಯ ದಡದಲ್ಲಿ ಕೂತ್ಕೊಳ್ಳಿ. ಕೂಡ್ಲಿಗೆ ಬಂದ್ರೆ ಎರಡೂ ಊರಿನವರು ಒಟ್ಟಿಗೆ ಕೂರಬಹುದು, ಹೊಳೆಗಳೂ ಅಲ್ಲೇ ಕೂಡ್ತವೆ. ನೀರಿಗೆ ಇಳಿಯೋದು ಬೇಡ. ಪೆನ್ಸಿಲ್‌ನಲ್ಲಿ ಮೂರೇ ಛಾಯೆ ಸಾಕು: ಬಿಸಿಲು ಬಿದ್ದ ನೆತ್ತಿ ತಿಳಿ, ನೆರಳಿನ ಪಕ್ಕ ಮಧ್ಯಮ, ಒದ್ದೆಯಾದ ಬುಡ ಕಡುಗಪ್ಪು. ಆ ಒದ್ದೆ ಪಟ್ಟಿ ಇಲ್ಲದಿದ್ರೆ ಬಂಡೆ ನೀರಿನ ಮೇಲೆ ತೇಲ್ತಿರೋ ಹಾಗೆ ಕಾಣುತ್ತೆ.

ವ್ಯತ್ಯಾಸವೂ ಗೊತ್ತಿರಲಿ. ಹೊಳೆ ಒಂದೇ ಕಡೆ ಹರಿದು ಕಲ್ಲನ್ನು ನುಣುಪು ಮಾಡುತ್ತೆ. ಕಡಲು ಬಂದು ಬಡಿದು ಹಿಂದೆ ಸರಿಯುತ್ತೆ. ಆಗ ಬಿರುಕುಗಳಿಂದ ನೀರು ಬಿಳಿ ಎಳೆಯಾಗಿ ಇಳಿಯುತ್ತೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿರೋದು ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗಿ ಬಿರಿದು ಆದವು. ಒಂದೊಂದನ್ನೂ ಬಿಡಿಸಿದ್ರೆ ಬಾಚಣಿಗೆ ಆಗಿಬಿಡುತ್ತೆ. ಮೊದಲು ಇಡೀ ಗುಂಪನ್ನು ಒಂದೇ ಆಕಾರವಾಗಿ ತುಂಬಿ, ಆಮೇಲೆ ಹತ್ತಿರದ ನಾಲ್ಕೈದನ್ನು ಮಾತ್ರ ಬಿಡಿಸಿ. ಕಡಿಮೆ ಗೆರೆಯಲ್ಲಿ ಎಷ್ಟು ಹೇಳಬಹುದು ಅನ್ನೋದಕ್ಕೆ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ.

ಬಂಡೆಗೆ ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿದ್ರೆ ಜೀವಂತ ಬೂದು ಬರುತ್ತೆ. ಜಲವರ್ಣದಲ್ಲಿ ನೊರೆ ಅಂದ್ರೆ ಬಣ್ಣ ಹಚ್ಚದೆ ಉಳಿಸಿದ ಕಾಗದ. ನಮ್ಮ ಕಾಮರ್ಸ್ ಭಾಷೆಯಲ್ಲಿ ಬಿಳಿಯೇ ಬಂಡವಾಳ, ಮೊದಲೇ ಖರ್ಚು ಮಾಡಿದ್ರೆ ವಾಪಸ್ ಬರಲ್ಲ. ದಿಗಂತದ ಗೆರೆ ಮಾತ್ರ ಮಟ್ಟವಾಗಿರಲಿ; ಅದು ವಾಲಿದ್ರೆ ಸಮುದ್ರವೇ ಚೆಲ್ಲಿಹೋದಂತೆ.

ಇಪ್ಪತ್ತು ಹಾಳೆ ಹೀಗೆ ಬಿಡಿಸಿದ ಮೇಲೆ, ಮಳೆಗಾಲ ಮುಗಿದು ದೋಣಿ ಶುರುವಾದಾಗ, ಆಗುಂಬೆ ಘಾಟಿ ಇಳಿದು ಹೋಗಿ. ಏನು ನೋಡಬೇಕು ಅಂತ ಕಣ್ಣಿಗೆ ಗೊತ್ತಿರುತ್ತೆ, ಕೊಟ್ಟ ಬಸ್ ಚಾರ್ಜ್ ದಂಡ ಆಗಲ್ಲ.