ಹಸು ಒದೆಯುತ್ತಿದೆಯೇ? ಮೊದಲು ತೊಟ್ಟು ನೋಡಿ



ಶಿಕಾರಿಪುರ, ಸೊರಬದ ಕಡೆ ಮಳೆಗಾಲದಲ್ಲಿ ಕೊಟ್ಟಿಗೆಯ ಕೆಸರು, ಚಳಿಗಾಲದಲ್ಲಿ ಒಣಗಾಳಿ. ಎರಡರಿಂದಲೂ ಹಸುವಿನ ಮೊಲೆತೊಟ್ಟು ಬಿರುಕು ಬಿಡುತ್ತದೆ. ಹಿಂಡುವಾಗ ಒದ್ದರೆ ತುಂಟತನವೆಂದು ಕಾಲು ಕಟ್ಟಬೇಡಿ, ನೋವಿರಬಹುದು. ನೋವಿದ್ದ ಹಸು ಹಾಲು ಪೂರ್ತಿ ಇಳಿಸುವುದಿಲ್ಲ. ಬಿರುಕಿನಲ್ಲಿ ರೋಗಾಣು ಸೇರಿ ಕೆಚ್ಚಲು ಬಾವು ಬಂದರೆ ಆ ತೊಟ್ಟೇ ಕೈಬಿಟ್ಟು ಹೋಗಬಹುದು.

ಹೆಬ್ಬೆರಳು ಮಡಚಿ ಹಿಂಡಬೇಡಿ. ಇಡೀ ಮುಷ್ಟಿಯಿಂದ ಹಿಂಡಿ. ಕೆಚ್ಚಲು ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿ. ಬರಿದಾದ ಮೊಲೆಯನ್ನು ಕರು ಜಗ್ಗದಂತೆ ನೋಡಿಕೊಳ್ಳಿ. ಹಿಂಡಿದ ಕೂಡಲೇ ಗ್ಲಿಸರಿನ್ ಬೆರೆತ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದಿ. ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಅಷ್ಟರಲ್ಲಿ ತೊಟ್ಟಿನ ರಂಧ್ರ ಮುಚ್ಚಿಕೊಳ್ಳುತ್ತದೆ.

ಗುಳ್ಳೆ, ರಕ್ತ, ಹಾಲಿನಲ್ಲಿ ಹೆಪ್ಪು ಕಂಡರೆ ಅಂದೇ ಪಶುವೈದ್ಯರನ್ನು ಕರೆಸಿ. ಆ ಹಸುವನ್ನು ಕೊನೆಗೆ ಹಿಂಡಿ, ಆ ಹಾಲನ್ನು ಸಂಘಕ್ಕೆ ಹಾಕಬೇಡಿ.